ಅಜ್ಜಿಯ ಮನೆಯೂ ಮನೆಯೇ

(ಗೊರೇಬಾಳದಲ್ಲಿ ನೀಡಿದ ದತ್ತಿ ಉಪನ್ಯಾಸ)



ದತ್ತಿಗಳು ಹೆಚ್ಚಾಗಿ ಕವಿಗಳ, ಶರಣರ, ಹೋರಾಟಗಾರರ ಹೆಸರಿನಲ್ಲಿರುತ್ತವೆ. ಗೌರವಧನದ ಮೇಲೆಯೇ ಬದುಕಿ, ಊರಿನ ಎರಡು ತಲೆಮಾರಿನ ಕೂಸುಗಳನ್ನು ತೂಗಿ, ಉಣಿಸಿ, ಅಕ್ಷರಕ್ಕೆ ಹಚ್ಚಿದ ಅಂಗನವಾಡಿ ಕಾರ್ಯಕರ್ತೆಯೊಬ್ಬರ ಹೆಸರಿನಲ್ಲಿ ನೀವು ದತ್ತಿ ಇಟ್ಟಿದ್ದೀರಿ. ಈ ಪುಸ್ತಿಕೆಯ ಮುಖಪುಟದಲ್ಲಿ ಆ ತಾಯಿಯ ಹೆಸರಿನ ಕೆಳಗೆ ನನ್ನ ಹೆಸರು ಬರುವುದು ನನಗೆ ಸಂದ ದೊಡ್ಡ ಗೌರವ.

ಗೊತ್ತಿರುವ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರಕ್ಕೆ ಬಂತು. ಈಗಿನ ಬಾಲನ್ಯಾಯ ಕಾಯ್ದೆ 2015ರದು, ಜಾರಿಯಾದದ್ದು 2016ರ ಜನವರಿಯಲ್ಲಿ. ಅದರ ಪ್ರಕಾರ ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ, ಅದಕ್ಕೊಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ದಿಕ್ಕಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಹಾಯವಾಣಿ 1098. ಉಳಿದದ್ದು ಇಲಾಖೆಯ ಕೈಪಿಡಿಗಳಲ್ಲಿ ಸಿಗುತ್ತದೆ. ನಾನು ಮಾತಾಡಬೇಕೆಂದು ಬಂದದ್ದು ಆ ಕೈಪಿಡಿಗಳು ಲೆಕ್ಕಕ್ಕೆ ಹಿಡಿಯದ ಮಕ್ಕಳ ಬಗ್ಗೆ.

ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿನ ಹೊಲಗಳನ್ನು ಗದ್ದೆ ಮಾಡಿತು. ಮಸ್ಕಿ, ಲಿಂಗಸುಗೂರು ಕಡೆಯ ಎಷ್ಟೋ ಊರುಗಳು ಇಂದಿಗೂ ಮೋಡ ನೋಡಿಕೊಂಡೇ ಬಿತ್ತುತ್ತವೆ. ಅಲ್ಲಿಯ ಜನ ನಾಟಿಗೆಂದು ಇಲ್ಲಿಗೆ ಬರುತ್ತಾರೆ. ದೀಪಾವಳಿ ದಾಟಿದ ಮೇಲೆ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಗುಳೆ ಹೊರಟ ಮನೆಯ ಮಗುವಿಗೆ ಮೂರೇ ದಾರಿ. ತಾಯಿಯ ಜೊತೆ ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೆ ಹೋಗಬೇಕು, ಇಲ್ಲವೇ ಹಾಸ್ಟೆಲ್ ಸೇರಬೇಕು, ಇಲ್ಲವೇ ಊರಲ್ಲೇ ಅಜ್ಜಿಯ ಹತ್ತಿರ ಉಳಿಯಬೇಕು. ಮೊದಲಿನೆರಡರ ಬಗ್ಗೆ ಸರ್ಕಾರ ಏನಾದರೂ ಯೋಚಿಸಿದೆ. ಹಾಸ್ಟೆಲ್‌ಗಳಿವೆ, ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗೆಂದು ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆಗಳು ತೆರೆದಿವೆ. ಅಜ್ಜಿಯ ಹತ್ತಿರ ಉಳಿದ ಮಗು ಮಾತ್ರ ಯಾವ ಯೋಜನೆಯ ಕಣ್ಣಿಗೂ ಬೀಳುವುದಿಲ್ಲ.

ಇದು ಹೇಗೆ ಎಂದು ನೋಡೋಣ. ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಎಂಬ ನೆರವಿದೆ. ಮಗುವನ್ನು ಸಂಸ್ಥೆಗೆ ಕಳಿಸದೆ ಮನೆಯಲ್ಲೇ ಬೆಳೆಸಲು ತಿಂಗಳಿಗೆ ₹4,000. ಹಳ್ಳಿಯಲ್ಲಾದರೆ ಕುಟುಂಬದ ವರ್ಷದ ಆದಾಯ ₹72,000 ಮೀರಿರಬಾರದು. ತಾಯಿ ವಿಧವೆಯಾಗಿದ್ದರೆ ಅಥವಾ ಗಂಡ ಬಿಟ್ಟಿದ್ದರೆ ಸಿಗುತ್ತದೆ. ತಂದೆ-ತಾಯಿ ತೀರಿಹೋಗಿ ಮಗು ಬಂಧುಗಳ ಮನೆಯಲ್ಲಿದ್ದರೆ ಸಿಗುತ್ತದೆ. ಹೆತ್ತವರಿಗೆ ಮಾರಕ ರೋಗವಿದ್ದರೂ ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ಗುಳೆ ಎಂಬ ಪದ ಆ ಪಟ್ಟಿಯಲ್ಲಿಲ್ಲ.

ಮಸ್ಕಿ ಕಡೆಯ ಒಬ್ಬ ಅಜ್ಜಿ ಮೂರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಅರ್ಜಿ ಕೊಡಲು ಬಂದಿದ್ದರು. ಆಧಾರ್ ಕಾರ್ಡು, ರೇಷನ್ ಕಾರ್ಡು, ಶಾಲೆಯ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡಿದ್ದರು. ಮೊದಲ ಪ್ರಶ್ನೆ: ಇವರ ತಂದೆ-ತಾಯಿ ಇದ್ದಾರೆಯೇ? “ಅದಾರ್ರೀ ಸಾಹೇಬ್ರ, ಬೆಂಗಳೂರಾಗ ದುಡ್ಯಾಕ ಹೋಗ್ಯಾರ.” ಅರ್ಜಿ ಅಲ್ಲಿಗೇ ಮುಗಿಯಿತು. ಆಕೆಯ ಕೈಗೆ ನಿಶ್ಚಿತವಾಗಿ ಬರುವ ದುಡ್ಡೆಂದರೆ ಸಂಧ್ಯಾ ಸುರಕ್ಷಾದ ತಿಂಗಳ ₹1,200. ಮಗ ಕಳಿಸುವುದು ಮೇಸ್ತ್ರಿಯಿಂದ ಪಡೆದ ಮುಂಗಡ ತೀರಿದ ಮೇಲೆ. ಅಲ್ಲಿಯತನಕ ನಾಲ್ಕು ಹೊಟ್ಟೆಗೆ ಪಡಿತರದ ಅಕ್ಕಿಯೇ ಗತಿ.

ಕೆಲವು ಗೆಳೆಯರು ಹೇಳುತ್ತಾರೆ: ‘ಹೆತ್ತವರು ಮಗುವನ್ನು ನೋಡಿಕೊಳ್ಳಲು ಅಸಮರ್ಥರಾಗಿದ್ದರೆ’ ಎಂಬ ಸಾಲೂ ಆ ಪಟ್ಟಿಯಲ್ಲಿದೆಯಲ್ಲ, ಅದರಲ್ಲೇ ಇವರನ್ನೂ ಸೇರಿಸಬಹುದು. ನಾನು ಒಪ್ಪುವುದಿಲ್ಲ. ಇಟ್ಟಿಗೆ ಹೊತ್ತು ಮಕ್ಕಳಿಗೆ ಅನ್ನ ಹುಡುಕುವ ತಾಯಿಯನ್ನು ಸರ್ಕಾರಿ ಕಾಗದದಲ್ಲಿ ಅಸಮರ್ಥಳು ಎಂದು ಬರೆಯಿಸಿ ನೆರವು ಕೊಡುವುದು ನೆರವಲ್ಲ, ಅವಮಾನ. ಆ ಸಾಲನ್ನು ಒಬ್ಬ ಅಧಿಕಾರಿ ಉದಾರವಾಗಿ ಓದಿಯಾನು. ಅವನ ವರ್ಗಾವಣೆಯಾದ ಮರುದಿನ ಇನ್ನೊಬ್ಬ ಬಿಗಿಯಾಗಿ ಓದುತ್ತಾನೆ.

ಹಾಸ್ಟೆಲ್ ಒಂದೇ ಪರಿಹಾರ ಎನ್ನುವವರ ವಾದಕ್ಕೆ ಬಲವಿದೆ. ಹಾಸ್ಟೆಲಿನಲ್ಲಿ ಊಟ, ಪಾಠ, ಹಾಸಿಗೆ ಒಂದೇ ಕಡೆ ಸಿಗುತ್ತದೆ. ದೊಡ್ಡ ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ಐದಾರು ವರ್ಷದ ಕೂಸಿಗೆ? ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕು ಎಂದು ಬಾಲನ್ಯಾಯ ಕಾಯ್ದೆಯ ಮೂರನೆಯ ಕಲಮೇ ಹೇಳುತ್ತದೆ. ಮಗುವನ್ನು ಕಟ್ಟಡದಲ್ಲಿಟ್ಟು ಸಾಕಲು ಖರ್ಚು ಮಾಡಬಲ್ಲ ಸರ್ಕಾರ, ಅದೇ ಮಗುವನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿಗೆ ಒಂದು ಪಾಲು ಕೊಡಲು ಯಾಕೆ ಹಿಂಜರಿಯಬೇಕು?

ಹಾಸ್ಟೆಲ್ ಒಂದೇ ಪರಿಹಾರ ಎನ್ನುವುದಕ್ಕೆ ತದ್ವಿರುದ್ಧ ವಾದ 2020ರಲ್ಲಿ ಬಂತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಪತ್ರ ಬರೆದು, ಪಾಲನಾ ಸಂಸ್ಥೆಗಳಲ್ಲಿರುವ ಮಕ್ಕಳನ್ನು 100 ದಿನಗಳಲ್ಲಿ ಮನೆಗೆ ಕಳಿಸಲು ಕ್ರಮ ಕೈಗೊಳ್ಳಿ ಎಂದಿತು. ಮನೆಯೇ ಮಗುವಿನ ಜಾಗ ಎಂಬ ತತ್ವ ಸರಿ. ಗಡುವು ಹಾಕಿದ್ದು ತಪ್ಪು. ಯಾವ ಬಡತನ ಮಗುವನ್ನು ಹೊರಗೆ ಹಾಕಿತೋ ಅದೇ ಬಡತನದೊಳಕ್ಕೆ ಬರಿಗೈಯಲ್ಲಿ ಮರಳಿ ಕಳಿಸಿದರೆ, ಮಗು ಮನೆಯಿಂದ ಹತ್ತಿ ಬಿಡಿಸಲು ಟಂಟಂ ಹತ್ತುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೀಗೆ ಮನೆಗೆ ಮರಳಿದ ಮಕ್ಕಳ ಓದಿಗೆ ತಿಂಗಳಿಗೆ ₹2,000 ಕೊಡಬೇಕೆಂದು ಆದೇಶಿಸಿದ್ದು ಈ ಕೊರತೆಯನ್ನು ಕಂಡೇ. ಆದರೆ ಆ ಹಣ ಸಿಕ್ಕಿದ್ದು ಮನೆ ಬಿಟ್ಟು ಹೋಗಿ ಮರಳಿದ ಮಗುವಿಗೆ. ಮನೆ ಬಿಡದೆ ಅಜ್ಜಿಯ ಹತ್ತಿರ ಉಳಿದದ್ದಕ್ಕೆ ಏನೂ ಇಲ್ಲ.

ದುಡ್ಡು ಕೊಟ್ಟರೆ ಗುಳೆ ಹೆಚ್ಚುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ, ಅದೂ ಓದಿದವರ ಬಾಯಲ್ಲಿ. ₹4,000ದ ಆಸೆಗೆ ಯಾರೂ ಮನೆಗೆ ಬೀಗ ಹಾಕಿ ತಗಡಿನ ಶೆಡ್ಡಿಗೆ ಹೋಗುವುದಿಲ್ಲ. ಮಳೆ ಕೈಕೊಟ್ಟಾಗ ಹೋಗುತ್ತಾರೆ, ಸಾಲಗಾರ ಬಾಗಿಲಿಗೆ ಬಂದಾಗ ಹೋಗುತ್ತಾರೆ. ಅಜ್ಜ ಕುಡಿದು ಹಾಳು ಮಾಡುತ್ತಾನೆ ಎನ್ನುವವರಿಗೆ, ಅಜ್ಜಿಯ ಖಾತೆಗೆ ಹಾಕಿ, ಮಗುವಿನ ಶಾಲಾ ಹಾಜರಿ ನೋಡಿ ಮುಂದುವರಿಸಿ ಎನ್ನುತ್ತೇನೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಕಠಿಣ. ಹಳ್ಳಿಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ್ದು ಇದು: ಮುದುಕಿಯ ಹತ್ತಿರ ವಯಸ್ಸಿಗೆ ಬಂದ ಹುಡುಗಿಯನ್ನು ಬಿಟ್ಟು ಹೋಗಲು ತಾಯಿಗೆ ಧೈರ್ಯ ಸಾಲದು. ಬೆಂಗಳೂರಿಗೆ ಕರೆದೊಯ್ಯಲೂ ಹೆದರಿಕೆ. ಹಾಗಾಗಿ ಮುಂದಿನ ಗುಳೆಗೆ ಮೊದಲೇ ಮದುವೆ ಮುಗಿಸುತ್ತಾರೆ. 2016ರ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಮದುವೆಯ ದಿನ ಪೊಲೀಸರನ್ನು ಕರೆತರುವ ನಾವು, ಹಿಂದಿನ ದೀಪಾವಳಿಯಲ್ಲಿ ಆ ಹುಡುಗಿಯನ್ನು ಯಾರ ಹತ್ತಿರ ಬಿಟ್ಟು ಹೋದರೆಂದು ವಿಚಾರಿಸಿದವರಲ್ಲ.

ಈ ದತ್ತಿಯ ತಾಯಿ ವಿಚಾರಿಸುತ್ತಿದ್ದರಂತೆ. ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಗುಳೆ ಹೋದ ಮನೆಗಳನ್ನೂ, ಅವರ ಮಕ್ಕಳು ಯಾರ ಆಸರೆಯಲ್ಲಿ ಉಳಿದರೆಂಬುದನ್ನೂ ಬರೆದಿಡುತ್ತಿದ್ದರು ಎಂದು ಅವರ ಮಗಳು ಹೇಳಿದರು. ಯಾವ ಸುತ್ತೋಲೆಯೂ ಅವರನ್ನು ಕೇಳಿರಲಿಲ್ಲ. ನಾನು ಬೇಡುತ್ತಿರುವುದು ಆ ಹಾಳೆಗೊಂದು ಸರ್ಕಾರಿ ಮುದ್ರೆ, ಅಷ್ಟೇ.

ವೇದಿಕೆಯ ಮೇಲಿರುವ ಪಂಚಾಯ್ತಿ ಸದಸ್ಯರಲ್ಲಿ ಎರಡು ವಿನಂತಿ. ಮಕ್ಕಳ ಗ್ರಾಮಸಭೆಗಳು ಸಾಮಾನ್ಯವಾಗಿ ನವೆಂಬರಿನಲ್ಲಿ ಮಕ್ಕಳ ದಿನಾಚರಣೆ ಕಳೆದ ಮೇಲೆ ನಡೆಯುತ್ತವೆ. ಅಷ್ಟರಲ್ಲಿ ಗುಳೆಯ ಬಸ್ಸು ಹೊರಟಿರುತ್ತದೆ. ಈ ವರ್ಷ ಅದನ್ನು ಮಹಾನವಮಿಯ ಹೊತ್ತಿಗೇ ಕರೆಯಿರಿ, ಹೋಗುವವರು ಊರಲ್ಲಿರುವಾಗಲೇ ಯಾವ ಮಗು ಯಾರ ಮನೆಯಲ್ಲಿ ಉಳಿಯುತ್ತದೆಂದು ಬರೆದುಕೊಳ್ಳಿ. ಎರಡನೆಯದಾಗಿ, ಗುಳೆ ಹೋದವರ ಮಕ್ಕಳನ್ನು ಸಾಕುವ ಅಜ್ಜ-ಅಜ್ಜಿಯರನ್ನೂ ಪ್ರಾಯೋಜಕತ್ವದ ಪಟ್ಟಿಗೆ ಸೇರಿಸಬೇಕೆಂದು ಆ ಸಭೆಯಲ್ಲೇ ನಿರ್ಣಯ ಮಾಡಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳಿಸಿ. ನಿರ್ಣಯದ ಕರಡು ಬರೆದು ತಂದಿದ್ದೇನೆ, ಅಧ್ಯಕ್ಷರ ಕೈಗೆ ಕೊಟ್ಟೇ ಹೋಗುತ್ತೇನೆ.