ಇಲಾಖೆಯ ಹೊರಗಿದ್ದ ಟಪಾಲು ತಾತ

(ಹಾಸ್ಟೆಲಿನ ಅಂಗಳದಲ್ಲಿ ಸೇರಿದ್ದ ನೆನಪಿನ ಸಭೆಯಲ್ಲಿ ಆಡಿದ ಮಾತು. ಗೆಳೆಯರು ಕೇಳಿದ್ದರಿಂದ ಬರೆದುಕೊಟ್ಟಿದ್ದೇನೆ.)

ಈ ಅಂಗಳದಲ್ಲಿ ನಾವು ಸೇರೋದು ಬಾಬಾಸಾಹೇಬರ ಜಯಂತಿಗೆ, ಅವರ ಪರಿನಿರ್ವಾಣದ ದಿನಕ್ಕೆ, ಇಲ್ಲಾ ಎಲ್ಲೋ ನಮ್ಮವರ ಗುಡಿಸಲು ಸುಟ್ಟ ಸುದ್ದಿ ಬಂದಾಗ. ಇವತ್ತು ಸೇರಿರೋದು ಒಬ್ಬ ಟಪಾಲಿನವನಿಗಾಗಿ. ಅವನು ತೀರಿಕೊಂಡ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಹಾರ ಹಾಕೋಣ ಅಂದ್ರೆ ಮನೆಯಲ್ಲಿ ಒಂದು ಫೋಟೋ ಇಲ್ಲ. ಕೆಲಸದ ಗುರುತಿನ ಚೀಟಿಯಲ್ಲಿದ್ದ ಸ್ಟಾಂಪಿನಷ್ಟು ಪಟವನ್ನೇ ದೊಡ್ಡದು ಮಾಡಿಸಿ ಇಲ್ಲಿಟ್ಟಿದ್ದೀವಿ. ಮುಖ ಮಸುಕಾಗಿದೆ. ನಮ್ಮ ಕಡೆಯ ಹುಡುಗರಿಗೆ ಆ ಮುಖ ಯಾರದು ಅಂತ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳ್ತೀನಿ.

ಹೆಸರು ಪಟದ ಕೆಳಗೆ ಬರೆದಿದೆ. ಆದರೆ ಆ ಹೆಸರು ಹಿಡಿದು ವಿಚಾರಿಸಿದ್ರೆ ನಮ್ಮೂರಲ್ಲಿ ಯಾರೂ ಮನೆ ತೋರಿಸೋದಿಲ್ಲ. ಟಪಾಲು ತಾತ ಅನ್ನಬೇಕು. ಇನ್ನೊಂದು ಮಾತು. ನಾನು ಅವನನ್ನು ಏಕವಚನದಲ್ಲೇ ಕರೀತೀನಿ, ತಪ್ಪು ತಿಳೀಬೇಡಿ. ನಮ್ಮ ಕೇರಿಯಲ್ಲಿ ತಾತನಿಗೆ 'ಬನ್ನಿ, ಕೂತ್ಕೊಳ್ಳಿ' ಅಂದ್ರೆ, ಯಾರೋ ಅಮಲ್ದಾರರು ಬಂದವರೆ ಅಂತ ತಾತನೇ ಹಿಂದಕ್ಕೆ ತಿರುಗಿ ನೋಡ್ತಾನೆ.

ಅವನು ಕೆಲಸಕ್ಕೆ ಸೇರಿದ್ದು 1974ರಲ್ಲಿ. ಅವತ್ತಿಗೆ 22 ವರ್ಷ. ಅದೇ ವರ್ಷ ಕರ್ನಾಟಕದಲ್ಲಿ ಭೂಸುಧಾರಣೆಯ ಹೊಸ ತಿದ್ದುಪಡಿ ಜಾರಿಗೆ ಬಂದಿತ್ತು, ಉಳುವವನೇ ಹೊಲದೊಡೆಯ ಅನ್ನೋ ಮಾತು ಹೋಟೆಲು ಚಾವಡಿಯಲ್ಲೆಲ್ಲ ಇತ್ತು. ತಾತನ ಅಪ್ಪನಿಗೆ ಅದರಿಂದ ಒಂದು ಗುಂಟೆಯೂ ಬರಲಿಲ್ಲ. ಯಾಕೆ ಅಂದ್ರೆ ಅವನು ಗೇಣಿದಾರನಲ್ಲ, ಜೀತದಾಳು. ಗೇಣಿ ಚೀಟಿ ಇದ್ದವನು ಅರ್ಜಿ ಹಾಕಿದ. ಮೈಮುರಿದು ಉತ್ತವನ ಹತ್ರ ಯಾವ ಚೀಟಿ ಇತ್ತು? ಮಗ ಎಂಟನೇ ಕ್ಲಾಸು ಮುಗಿಸಿದ್ದ. ಹೋಬಳಿಯ ಅಂಚೆ ಕಛೇರಿಯಿಂದ ಚೀಲ ತರೋದು, ನಮ್ಮೂರು ಮತ್ತು ಸುತ್ತಲ ಆರು ಹಳ್ಳಿಗೆ ಹಂಚೋದು, ಸಂಜೆ ಚೀಲ ವಾಪಸು ಕೊಡೋದು. ಹೋಬಳಿಗೇ ಹೋಗಿ ಬರೋಕೆ 18 ಕಿಲೋಮೀಟರು. ಊರಿನ ಹುಡುಗರಿಗೆ ಆ ಸಂಬಳಕ್ಕೆ ಆ ನಡಿಗೆ ಬೇಕಿರಲಿಲ್ಲ. ಹಾಗಾಗಿ ಕೆಲಸ ಕೇರಿಗೆ ಬಂತು. ಸೈಕಲ್ಲು ಬಂದದ್ದು ಆರು ವರ್ಷದ ಮೇಲೆ, ಅದೂ ಸಾಲದಲ್ಲಿ.

ಈಗ ಪೋಸ್ಟ್ ಆಫೀಸು ಎಲ್ಲಿತ್ತು ಕೇಳಿ. ಹಳ್ಳಿಯ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗೋನಿಗೆ ಬೇರೆ ಜೀವನಾಧಾರ ಇರಬೇಕು, ಕಛೇರಿ ನಡೆಸೋ ಜಾಗವನ್ನೂ ಅವನೇ ಒದಗಿಸಬೇಕು ಅಂತ ನಿಯಮ. ಜಾತಿ ಅನ್ನೋ ಎರಡಕ್ಷರ ಆ ನಿಯಮದಲ್ಲಿ ಎಲ್ಲೂ ಇಲ್ಲ. ಆದರೆ ಹಳ್ಳಿಯಲ್ಲಿ ಬೇರೆ ಜೀವನಾಧಾರ ಯಾರಿಗಿತ್ತು? ರಸ್ತೆಗೆ ಮುಖ ಮಾಡಿದ ಜಗಲಿ ಯಾರ ಮನೆಗಿತ್ತು? ಹೀಗೆ ಭಾರತ ಸರ್ಕಾರದ ಪೋಸ್ಟ್ ಆಫೀಸು ನಮ್ಮೂರಲ್ಲಿ ಒಬ್ಬ ಭೂಮಾಲೀಕರ ಜಗಲಿಯ ಮೇಲೆ ಕೂತಿತು. ಕೆಂಪು ಡಬ್ಬಿಯನ್ನು ಆ ಜಗಲಿಯ ಕಂಬಕ್ಕೆ ನೇತುಹಾಕಿದ್ದರು. ನಮ್ಮವರು ಕಾಗದ ಹಾಕಬೇಕಾದ್ರೆ ಯಾರಾದರೂ ಊರಿನವರು ಬರೋತನಕ ರಸ್ತೆಯಲ್ಲೇ ನಿಂತಿರ್ತಿದ್ರು.

ಟಪಾಲು ತಾತ ಅರಗಿನ ಮುದ್ರೆಯ ಚೀಲ ಹೊತ್ತು ಬರ್ತಿದ್ದ. ಚೀಲ ಜಗಲಿಯ ಮೇಲಕ್ಕೆ ಹೋಗ್ತಿತ್ತು, ಅವನು ಮೆಟ್ಟಿಲ ಕೆಳಗೆ ನಿಲ್ತಿದ್ದ. ಅವನು ಬೆನ್ನ ಮೇಲೆ ಹೊತ್ತು ತಂದ ಚೀಲಕ್ಕೆ ಮೈಲಿಗೆ ಇಲ್ಲ, ಅವನ ಬೆನ್ನಿಗೆ ಇತ್ತು. ಮೇಲೆ ಮುದ್ರೆ ಒಡೆದು, ಕಾಗದ ಬೇರೆ ಮಾಡಿ, ಮೊಹರು ಒತ್ತಿ, ಹಂಚಬೇಕಾದ್ದನ್ನು ಮೇಲಿಂದ ಅವನ ಟವೆಲ್ಲಿಗೆ ಹಾಕೋರು. ಮಳೆಗಾಲದಲ್ಲಿ ತಾತ ಅಂಗಿ ಬಿಚ್ಚಿ ಕಾಗದಕ್ಕೆ ಸುತ್ತಿ ತಾನು ನೆನೀತಾ ಬರ್ತಿದ್ದನಂತೆ.

ನಮ್ಮ ಚಳವಳಿಯ ಪತ್ರಿಕೆಗಳೂ ಆ ಜಗಲಿಯ ಮೇಲಿಂದಲೇ ಬರಬೇಕಿತ್ತು. ನಮ್ಮಪ್ಪ ಹೇಳ್ತಿದ್ದ ತಮಾಷೆ ಇದು. ಪತ್ರಿಕೆ ಬುಕ್ ಪೋಸ್ಟಿನಲ್ಲಿ ಬರ್ತಿತ್ತು. ಬುಕ್ ಪೋಸ್ಟಿಗೆ ಗೋಂದು ಹಚ್ಚೋ ಹಾಗಿಲ್ಲ, ತೆರೆದೇ ಇರಬೇಕು. ಹಾಗಾಗಿ ಭೂಮಾಲೀಕರ ವಿರುದ್ಧ ನಾವು ಬರೆದದ್ದನ್ನೆಲ್ಲ ಮೊದಲು ಓದ್ತಿದ್ದವರು ಆ ಜಗಲಿಯ ಯಜಮಾನರೇ. ಚಂದಾ ಮಾತ್ರ ಕಡೇತನಕ ಕೊಡಲಿಲ್ಲ.

ಗೆಳೆಯರೆ, ತಾತ ಮಾಡಿದ ಒಂದು ಕೆಲಸ ನಿಮ್ಮ ಮುಂದೆ ಇಡಬೇಕು. ಆ ಕಾಲದಲ್ಲಿ ನಮ್ಮವರ ಹೆಸರನ್ನು ಊರಿನವರು ಅರ್ಧಕ್ಕೆ ಕತ್ತರಿಸಿಯೇ ಕರೀತಿದ್ದದ್ದು. ಎಪ್ಪತ್ತು ವರ್ಷದ ಮುದುಕನನ್ನು ಏಳು ವರ್ಷದ ಹೈದ 'ಬಾರ್ಲಾ' ಅಂತಿದ್ದ. ಕವರಿನ ಮೇಲೆ ಹಾಗಿರೋದಿಲ್ಲ. ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋದ ಮಗನೋ, ಕಾಫಿ ತೋಟದಲ್ಲಿದ್ದ ತಮ್ಮನೋ ಯಾರ ಕೈಲೋ ಬರೆಸಿ ಕಳಿಸಿದ ಕಾಗದದ ಮೇಲೆ 'ಶ್ರೀ' ಅಂತ ಇರ್ತಿತ್ತು, ಪೂರ್ತಿ ಹೆಸರು ಇರ್ತಿತ್ತು, 'ಅವರಿಗೆ' ಅಂತ ಇರ್ತಿತ್ತು. ತಾತ ಅದನ್ನು ಸುಮ್ಮನೆ ಕೈಗೆ ಕೊಡ್ತಿರಲಿಲ್ಲ. ಬೀದಿಯಲ್ಲಿ ನಿಂತು ಪೂರ್ತಿ ಓದ್ತಿದ್ದ. ಶ್ರೀಯಿಂದ ಹಿಡಿದು ಪಿನ್ ಕೋಡಿನತನಕ. ಹೋಟೆಲಿನ ಮುಂದೆ ಆ ಮನುಷ್ಯ ಸಿಕ್ಕಿದರಂತೂ ಇನ್ನೂ ಗಟ್ಟಿಯಾಗಿ.

ಒಂದು ದಿನ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದವರೊಬ್ಬರು ಕೇಳಿದ್ರಂತೆ, "ಏನ್ಲಾ, ಇವ್ನೂ ಶ್ರೀಯೇನ್ಲಾ?"

ತಾತ ಕವರು ತೋರಿಸಿದ. "ನಾ ಬರ್ದಿದ್ದಲ್ಲ ಬುದ್ದಿ. ನೋಡಿ, ಸರ್ಕಾರದ ಮೊಹರು ಬಿದ್ದದೆ."

ಅದಕ್ಕೆ ಉತ್ತರ ಇರಲಿಲ್ಲ. ನನಗೆ ಕವಿತೆ ಬರೆಯೋ ಹುಚ್ಚು ಎಲ್ಲಿಂದ ಬಂತು ಅಂತ ಕೆಲವರು ಕೇಳ್ತಾರೆ. ಕಾಲೇಜಿನ ಕಾವ್ಯಮೀಮಾಂಸೆಯಿಂದ ಬರಲಿಲ್ಲ ಅಂತಷ್ಟೇ ಹೇಳಬಲ್ಲೆ.

ಅವನನ್ನು ದೇವರು ಮಾಡೋಕೆ ನಾನು ಬಂದಿಲ್ಲ. ತಾತ ಹೆದರಿದ್ದೂ ಉಂಟು. 1985ರಲ್ಲಿ ನಮ್ಮ ಚಿಕ್ಕಪ್ಪನಿಗೆ ಒಂದು ಸರ್ಕಾರಿ ನೌಕರಿಯ ಸಂದರ್ಶನದ ಕಾರ್ಡು ಬಂತು. ಸಂದರ್ಶನ 11ನೇ ತಾರೀಕು, ಕಾರ್ಡು ಕೈಗೆ ಬಂದದ್ದು 13ಕ್ಕೆ. ಹಿಂದೆ ಹೋಬಳಿ ಕಛೇರಿಯ ಮೊಹರು ನೋಡಿದ್ರೆ 4ನೇ ತಾರೀಕು. ನಡುವಿನ ಒಂಬತ್ತು ದಿನ ಅದು ಎಲ್ಲಿತ್ತು ಅನ್ನೋದು ತಾತನಿಗೆ ಗೊತ್ತಿತ್ತು, ಕೇರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳೋರು ಯಾರು? ಅಜ್ಜಿ ಅದೇ ಮನೆಯ ಗದ್ದೆಗೆ ಕಳೆ ಕೀಳೋಕೆ ಹೋಗ್ತಿದ್ಲು. ಎರಡು ವರ್ಷ ತಾತ ಸುಮ್ಮನಿದ್ದ. ಚಿಕ್ಕಪ್ಪ ಗಾರೆ ಕೆಲಸಕ್ಕೆ ಹೋದವನು ಗಾರೆ ಕೆಲಸದಲ್ಲೇ ಮುದುಕನಾದ. ತಾತ ನಮ್ಮ ಮನೆ ಮುಂದೆ ಹಾದು ಹೋಗುವಾಗ ಆ ಎರಡು ವರ್ಷ ತಲೆ ಎತ್ತುತ್ತಿರಲಿಲ್ಲ ಅಂತ ನಮ್ಮಮ್ಮ ಹೇಳ್ತಾಳೆ.

ಆಮೇಲೆ ಅವನಿಗೆ ಒಂದು ಉಪಾಯ ಹೊಳೀತು. ಮಾಮೂಲಿ ಕಾಗದಕ್ಕೆ ರಿಜಿಸ್ಟರಿನ ಹಾಗೆ ಪಟ್ಟಿ ಇರೋದಿಲ್ಲ, ಕಳೆದರೆ ಕಳೀತು. ತಾತ ಒಂದು ರೂಲು ಪುಸ್ತಕ ತಗೊಂಡ. ಹೋಬಳಿಯಲ್ಲಿ ನಮ್ಮೂರಿನ ಕಂತೆ ಕಟ್ಟುವಾಗ ಪಕ್ಕದಲ್ಲಿ ನಿಂತು ಕೇರಿಯ ಕಾಗದ ಎಷ್ಟು, ಯಾರಿಗೆ ಅಂತ ಪೆನ್ಸಿಲಲ್ಲಿ ಗುರುತು ಹಾಕ್ಕೊಂಡ. ಊರಿಗೆ ಬಂದು ಜಗಲಿಯ ಕೆಳಗೆ ನಿಂತು, ಏನೋ ಮರೆತವನ ಹಾಗೆ ಕೇಳಿದ:

"ಬುದ್ದಿ, ಕೇರೀದು ಮೂರಿದ್ವು. ಎಲ್ಡೇ ಬಂದವೆ."

ಸ್ವಲ್ಪ ಹೊತ್ತಾದ ಮೇಲೆ ಮೂರನೆಯದು ಜಗಲಿಯಿಂದ ಇಳಿದು ಬಂತು.

ಆ ವರ್ಷ ಅಜ್ಜಿಯನ್ನು ಆ ಗದ್ದೆಗೆ ಕರೀಲಿಲ್ಲ. ಮನೆಯಲ್ಲಿ ಕಷ್ಟವಾಯ್ತು. ಆದರೆ ರೂಲು ಪುಸ್ತಕ ನಿಲ್ಲಲಿಲ್ಲ. ನಮ್ಮ ಕೇರಿಯಿಂದ ಮೊದಲು ಮಾಸ್ತರರಾದ ಇಬ್ಬರು, ಕಂಡಕ್ಟರಾದ ಒಬ್ಬರು, ಅವರ ಕಾರ್ಡುಗಳು ಆ ಪುಸ್ತಕದಲ್ಲಿ ಇವೆ. ಅಜ್ಜಿ ಅದನ್ನು ಇವತ್ತು ತಂದಿದ್ದಾಳೆ. ಸಭೆ ಮುಗಿದ ಮೇಲೆ ನೋಡಿ, ಜೋಪಾನ, ಹಾಳೆ ಬಿಡ್ತವೆ.

ನಾನು ಹುಟ್ಟೋ ಹೊತ್ತಿಗೆ ಪೋಸ್ಟ್ ಆಫೀಸು ಜಗಲಿಯಿಂದ ಇಳಿದು ಪಂಚಾಯ್ತಿ ಕಟ್ಟಡದ ಒಂದು ಕೋಣೆಗೆ ಬಂದಿತ್ತು. ಹೊಸ ಪೋಸ್ಟ್ ಮಾಸ್ಟರಮ್ಮ ಮೊದಲ ದಿನವೇ ಒಳಗೆ ಬಾರಪ್ಪ, ಕೂತ್ಕೊ ಅಂದರಂತೆ. ಒಳಗೆ ಹೋಗೋಕೆ ತಾತನಿಗೆ ಒಂದು ವಾರ ಬೇಕಾಯ್ತು. 20 ವರ್ಷಕ್ಕೂ ಮೇಲೆ ಹೊರಗೆ ನಿಂತ ಕಾಲು ಅದು.

ನನಗೆ ಗೊತ್ತಿರೋ ತಾತ ಪಿಂಚಣಿ ತಾತ. ವೃದ್ಧಾಪ್ಯ ವೇತನ, ವಿಧವಾ ವೇತನ, 2007ರಿಂದ ಸಂಧ್ಯಾ ಸುರಕ್ಷಾ, ಎಲ್ಲ ಮನಿಯಾರ್ಡರಿನಲ್ಲಿ ಅವನ ಕೈಯಿಂದಲೇ ಬರಬೇಕಿತ್ತು. ಕೆಲವು ಕಡೆ ಇದರಲ್ಲಿ ಹತ್ತೋ ಇಪ್ಪತ್ತೋ ಮುರ್ಕೊಂಡು ಕೊಡೋದು ನಿಮಗೆಲ್ಲ ಗೊತ್ತು, ಖುಷಿಗೆ ಅಂತ ಅದಕ್ಕೆ ಹೆಸರು. ತಾತ ಮುರೀಲಿಲ್ಲ. ಸುಳ್ಳು ಯಾಕೆ ಹೇಳಲಿ, ಟೀ ಕುಡಿದಿದಾನೆ, ಹಬ್ಬದಲ್ಲಿ ಬಾಡೂಟ ಉಂಡಿದಾನೆ. ದುಡ್ಡು ಮುಟ್ಟಲಿಲ್ಲ.

ಹೆಬ್ಬೆಟ್ಟು ಒತ್ತೋರಿಗೆ ಫಾರಮ್ಮಿನಲ್ಲಿ ಓದು ಬಲ್ಲ ಸಾಕ್ಷಿ ಒಬ್ಬರು ಬೇಕು. ಹಿಂದೆಲ್ಲ ಸಾಕ್ಷಿಗೆ ಊರೊಳಗೆ ಹೋಗಿ ಕೈಮುಗಿದು ನಿಲ್ಲಬೇಕಿತ್ತು, ನಮ್ಮ ಹೆಬ್ಬೆಟ್ಟು ನಮ್ಮದೇ ಅಂತ ಹೇಳೋಕೂ ಅವರೇ ಬೇಕಿತ್ತು. 2016ರಲ್ಲಿ ನಾನು ಪಿ.ಯು.ಸಿ. ಮುಗಿಸಿ ಊರಿಗೆ ಹೋಗಿದ್ದೆ. ತಾತ ಸೈಕಲ್ಲು ನಿಲ್ಲಿಸಿ ಕೂಗಿದ, "ಬಾರ್ಲಾ ಮೊಗ, ನಿಂಗೆ ಹದಿನೆಂಟಾಯ್ತಲ್ವಾ, ಸಾಕ್ಸಿ ಹಾಕು." ನನ್ನ ಅಜ್ಜಿಯ ಹೆಬ್ಬೆಟ್ಟಿನ ಪಕ್ಕ ನಾನು ಸಹಿ ಮಾಡಿದೆ. ಕಾಗದ ಓದಿ ಹೇಳು ಅಂದ್ರೂ ಅವನು ಹಾಗೇ. ಮನೆಯಲ್ಲಿ ಸ್ಕೂಲಿಗೆ ಹೋಗೋ ಹೆಣ್ಣು ಮಗು ಇದ್ರೆ ತಾನು ಓದ್ತಿರಲಿಲ್ಲ. "ತರೋದು ನನ್ ಕೆಲ್ಸ, ಓದೋದು ಇವಳ್ದು" ಅಂತ ಅವಳ ಕೈಗೇ ಕೊಡ್ತಿದ್ದ. ಅವಳು ತಡವರಿಸಿ ಓದಿ ಮುಗಿಸೋ ತನಕ ಬಿಸಿಲಲ್ಲಿ ನಿಂತಿರ್ತಿದ್ದ.

ಇನ್ನು ಆ ಕೆಲಸದ ಹೆಸರು. ಆಗ ಅವನ ಹುದ್ದೆಯನ್ನು ಇಂಗ್ಲಿಷಿನಲ್ಲಿ 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್' ಅಂತಿದ್ರು. ಕನ್ನಡಕ್ಕೆ ಹಾಕಿ ನೋಡಿ: ಇಲಾಖೆಯ ಹೊರಗಿನವನು. ನಮ್ಮ ಕೇರಿ ಊರಿನ ಹೊರಗೆ. ನಮ್ಮ ತಾತ ಇಲಾಖೆಯ ಹೊರಗೆ. ಊರಿಗೆ ಕೇರಿ ಬೇಕು, ಇಲಾಖೆಗೆ ತಾತ ಬೇಕು, ಒಳಗೆ ಮಾತ್ರ ಬೇಡ. ಇವರದೂ ಸರ್ಕಾರದ ಅಡಿಯ ಸಿವಿಲ್ ಹುದ್ದೆಯೇ, ಮನಸ್ಸಿಗೆ ಬಂದಂತೆ ಕಿತ್ತುಹಾಕುವಂತಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ಖಾಯಂ ನೌಕರರ ಸಾಲಿಗೆ ಸೇರಿಸಲಿಲ್ಲ, ಪೋಸ್ಟ್ ಮ್ಯಾನಿಗೆ ಇದ್ದ ಪಿಂಚಣಿ ಕೊಡಲಿಲ್ಲ. 2001ರ ನಿಯಮದಲ್ಲಿ ಹೆಸರು ಬದಲಾಯ್ತು, 'ಗ್ರಾಮೀಣ ಡಾಕ್ ಸೇವಕ'. ಹೊರಗಿನವನನ್ನು ಸೇವಕ ಮಾಡಿದರು. 'ನೌಕರ' ಅನ್ನೋ ಪದ ಯಾಕೋ ಅವರ ಬಾಯಿಗೆ ಬರಲೇ ಇಲ್ಲ.

ಅಂಚೆಯ ಚರಿತ್ರೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಮೈಸೂರು ಅಂಚೆಯ ಮಾತಿದೆ, ಅದು 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿದ ಮಾತಿದೆ. 1937ರ ಎರಡಾಣೆ ಸ್ಟಾಂಪಿನ ಮೇಲೆ ಚೀಲ ಹೊತ್ತು ಓಡುವ ಅಂಚೆ ಹರಿಕಾರನ ಚಿತ್ರ ಇದೆ. ಪಕ್ಕದಲ್ಲಿ ಆರನೇ ಜಾರ್ಜ್ ದೊರೆಯ ಮುಖ. ದೊರೆ ಯಾರು ಅಂತ ಎಲ್ಲರಿಗೂ ಗೊತ್ತು. ಓಡ್ತಿರೋನು ಯಾರು?

2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಾಗ ಪತ್ರಿಕೆಗಳೆಲ್ಲ ಬರೆದವು. 2017ರಲ್ಲಿ ತಾತ 65 ತುಂಬಿ ಸೈಕಲ್ಲಿನಿಂದ ಇಳಿದ. 43 ವರ್ಷ. ಒಂದು ಇಡುಗಂಟು ಕೊಟ್ಟರು, ಮಗಳ ಮದುವೆಯ ಸಾಲಕ್ಕೆ ಹೋಯ್ತು. ತಿಂಗಳ ಪಿಂಚಣಿ ಇಲ್ಲ. ಮರುವರ್ಷ, 2018ರ ಮೇ ಕೊನೆಯಲ್ಲಿ, ದೇಶದ ಡಾಕ್ ಸೇವಕರೆಲ್ಲ ಮುಷ್ಕರ ಹೂಡಿ ಎರಡು ವಾರಕ್ಕೂ ಹೆಚ್ಚು ಕೂತರು. ಆಮೇಲೆ ದಿನಕ್ಕೆ ನಾಲ್ಕು ಗಂಟೆ ದುಡಿಯೋರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಅಂತ ಆಯ್ತು. ತಾತ ಆ ಸುದ್ದಿಯನ್ನು ನನ್ನ ಕೈಲಿ ಎರಡು ಸಲ ಓದಿಸಿದ. "ಹುಡುಗ್ರು ಗೆದ್ರು ಬುಡು" ಅಂದ. ಅಷ್ಟೇ ಅಂದದ್ದು.

ಇನ್ನೊಂದು ಹೇಳಿ ಮುಗಿಸ್ತೀನಿ. 2011ರಲ್ಲಿ ನಾನು ಹಾಸ್ಟೆಲಿಗೆ ಸೇರಿದಾಗ ಮೊದಲು ಬರೆದ ಕಾರ್ಡು ಅಪ್ಪನಿಗಲ್ಲ, ತಾತನಿಗೆ. 50 ಪೈಸೆಯ ಕಾರ್ಡು. ಇಲ್ಲಿ ಊಟ ಪರವಾಗಿಲ್ಲ, ತಿಗಣೆ ಜಾಸ್ತಿ ಅಂತ ಬರೆದಿದ್ದೆ. ಮೇಲೆ ಶ್ರೀ ಹಾಕಿ ಪೂರ್ತಿ ಹೆಸರು ಬರೆದಿದ್ದೆ. ಅಷ್ಟು ವರ್ಷದಲ್ಲಿ ಅವನ ಹೆಸರಿಗೆ ಒಂದು ಕಾಗದ ಬಂದದ್ದು ಯಾರಿಗೂ ನೆನಪಿರಲಿಲ್ಲ. ತಾತ ಆವತ್ತು ಎಲ್ಲರ ಕಾಗದ ಹಂಚಿ ಮುಗಿಸಿ, ಕಡೆಗೆ ತನ್ನ ಮನೆ ಮುಂದೆ ಸೈಕಲ್ಲು ನಿಲ್ಲಿಸಿ, ಬೆಲ್ಲು ಹೊಡೆದು, ತನ್ನ ಹೆಸರನ್ನು ತಾನೇ ಶ್ರೀಯಿಂದ ಪಿನ್ ಕೋಡಿನತನಕ ಕೂಗಿದ. ಅಜ್ಜಿ ಒಳಗಿಂದ ಬಂದು, "ಅವ್ರು ಮನೇಲಿಲ್ಲ, ಟಪಾಲ್ ಕೆಲ್ಸಕ್ಕೆ ಹೋಗವ್ರೆ" ಅಂದಳಂತೆ.

ಆ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ತಾತ ಖಾಯಂ ನೌಕರನಾಗಿದ್ದರೆ ಕುಟುಂಬ ಪಿಂಚಣಿ ಬರ್ತಿತ್ತು. ಅದು ಇಲ್ಲದ್ದಕ್ಕೆ ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದೀವಿ, ಅದು ವಾಪಸು ಬಂದಿದೆ. ಮರಣದ ಸರ್ಟಿಫಿಕೇಟಿನಲ್ಲಿ ತಾತನ ಹೆಸರು ಒಂದಕ್ಷರ ತಪ್ಪಾಗಿ ಬಿದ್ದಿದೆ, ಪಡಿತರ ಚೀಟಿಗೆ ಹೊಂದೋದಿಲ್ಲವಂತೆ. ಸೋಮವಾರ ಹತ್ತೂವರೆಗೆ ಅಜ್ಜಿಯ ಜೊತೆ ನಾಡಕಛೇರಿಗೆ ಹೋಗ್ತಿದ್ದೀವಿ. ಪರೀಕ್ಷೆ ಇಲ್ಲದವರು ಬನ್ನಿ. ಬರೋರು ಒಂದು ಪೆನ್ನು ತನ್ನಿ, ಅರ್ಜಿ ಬರೆಯೋಕೆ ಅಲ್ಲಿ ಇನ್ನೂ ನಾಲ್ಕಾರು ಮುದುಕಿಯರು ಕಾಯ್ತಿರ್ತಾರೆ.