ವಕೀಲರ ಮನೆಯ ಮೆಟ್ಟಿಲು ಹತ್ತುವ ಮುನ್ನ

(ಗಿರಣಿ ಕೆಲಸಗಾರರೂ ಪೇಟೆಯ ಚಿಕ್ಕ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು, ಬಾಡಿಗೆಯ ಮಾತು ಆಡುವ ಈ ಕಟ್ಟೆಯ ಮೇಲೆ ಇಂದು ವಿಚ್ಛೇದನದ ಮಾತು ಆಡುತ್ತೇವೆಂದಾಗ ಕೆಲವರು ಮೂಗು ಮುರಿದರು. ಅದು ಮನೆಯೊಳಗಿನ ವಿಷಯ, ಸಂಘಕ್ಕೇಕೆ ಎಂದರು. ಮನೆಯೊಳಗಿನ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿದ ದಿನ ಕೆಲಸಗಾರನ ಹಾಜರಿ ಹೋಗುತ್ತದೆ, ಅಂಗಡಿಯ ಬಾಗಿಲು ಮುಚ್ಚುತ್ತದೆ, ಕೈಯ ಬಳೆ ಮಾರವಾಡಿಯ ಪೆಟ್ಟಿಗೆ ಸೇರುತ್ತದೆ. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ಕೆಲವು ವರುಷಗಳ ಹಿಂದೆ ವೈಂಡಿಂಗ್ ಖಾತೆಯ ಒಬ್ಬ ಹೆಣ್ಣುಮಗಳಿಗೂ ಆಕೆಯ ಗಂಡನಿಗೂ ಕೂಡಿ ಬಾಳುವುದು ಆಗದೆ ಹೋಯಿತು. ಎರಡೂ ಕಡೆಯ ಹಿರಿಯರು ನಮ್ಮ ಕಚೇರಿಯಲ್ಲೇ ಕುಳಿತರು. ಛಾಪಾ ಕಾಗದದ ಮೇಲೆ ಸೋಡಚೀಟಿ ಬರೆದಾಯಿತು, ನೋಟರಿಯ ಮುದ್ರೆ ಬಿತ್ತು, ಸಾಕ್ಷಿಗೆಂದು ನಾವೂ ಸಹಿ ಹಾಕಿದೆವು. ಖರ್ಚಿಲ್ಲದೆ ಕೆಲಸವಾಯಿತೆಂದು ಚಹಾ ಕುಡಿದು ಎದ್ದೆವು. ಮುಂದೆ ಆಕೆ ಜೊತೆ ಕೆಲಸಗಾರನೊಬ್ಬನನ್ನು ಮದುವೆಯಾದಳು. ನಾಲ್ಕೇ ವರುಷದಲ್ಲಿ ಅವನು ತೀರಿಕೊಂಡ. ಅವನ ಫಂಡಿನ ಹಣಕ್ಕೆ ಅರ್ಜಿ ಹಾಕಿದಾಗ ಅವನ ಅಣ್ಣತಮ್ಮಂದಿರು ತಕರಾರು ತೆಗೆದರು: “ಮೊದಲನೆಯ ಮದುವೆ ಮುರಿದ ಕೋರ್ಟಿನ ಡಿಕ್ರಿ ಎಲ್ಲಿ? ಈಕೆ ಹೆಂಡತಿಯೇ ಅಲ್ಲ.” ಡಿಕ್ರಿ ಇರಲಿಲ್ಲ. ಕೊನೆಗೆ ರಾಜಿಯಲ್ಲಿ ಅರ್ಧ ಹಣ ಕೈಗೆ ಬಂತು. “ಅಣ್ಣಾ, ನೀವು ಸಹಿ ಹಾಕಿದಿರಿ ಅಂತ ನಂಬಿದ್ದೆ” ಎಂದು ಆಕೆ ಅಂದದ್ದು ಇಂದಿಗೂ ನಮ್ಮ ಕಿವಿಯಲ್ಲಿದೆ.

ಹಿರಿಯರ ಮುಂದೆ ಬರೆದ ಚೀಟಿಗೆ ಬೆಲೆಯೇ ಇಲ್ಲವೆ ಎಂದು ಕೇಳುವಿರಿ. 1955ರ ಹಿಂದೂ ವಿವಾಹ ಕಾಯಿದೆ ಕುಲದ ರೂಢಿಯಿಂದ ಬಂದ ಬಿಡುಗಡೆಯನ್ನು ತೆಗೆದುಹಾಕಿಲ್ಲ. ಆದರೆ ಆ ರೂಢಿ ತಲೆಮಾರುಗಳಿಂದ ನಡೆದು ಬಂದಿದೆಯೆಂದು ಕೋರ್ಟಿನಲ್ಲಿ ರುಜುವಾತು ಮಾಡುವ ಭಾರ ಅದನ್ನು ಹೇಳುವವರ ಮೇಲೆಯೇ ಇದೆ. ಹತ್ತು ವರುಷದ ಮೇಲೆ, ಸಾಕ್ಷಿಯ ಹಿರಿಯರು ಸತ್ತ ಮೇಲೆ, ಆ ಭಾರ ಹೊರುವವರು ಯಾರು? ಧಾರವಾಡ, ಬೆಳಗಾವಿ, ಬಿಜಾಪುರ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1947ರಲ್ಲಿಯೂ, ಮಂಗಳೂರು ಬಳ್ಳಾರಿ ಸೇರಿದ್ದ ಮದರಾಸಿನಲ್ಲಿ 1949ರಲ್ಲಿಯೂ ಹಿಂದೂಗಳಿಗೆ ವಿಚ್ಛೇದನದ ಕಾನೂನು ಬಂತು. ಇಷ್ಟು ಕಾಲದಿಂದ ಬಾಗಿಲು ತೆರೆದಿರುವಾಗ ಗೋಡೆ ಹಾರುವುದೇಕೆ?

ಇನ್ನು ವಕೀಲರ ಮಾತು. ಕೈಯಲ್ಲಿ ಕಾಸಿಲ್ಲದವರಿಗೆ ವಕೀಲರು ಎಲ್ಲಿಯವರು ಎಂಬುದು ಮೊದಲ ಪ್ರಶ್ನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಲ್ಲಿ ಯಾರು ಯಾರಿಗೆ ಉಚಿತ ನೆರವೆಂದು ಬರೆದಿದೆ. ಪ್ರತಿಯೊಬ್ಬ ಹೆಂಗಸಿಗೂ ಅದು ಉಂಟು. ಪರಿಶಿಷ್ಟ ಜಾತಿ, ಪಂಗಡದವರಿಗೂ ಉಂಟು. ಕೈಗಾರಿಕಾ ಕಾರ್ಮಿಕನಿಗೂ ಉಂಟು. ಇವರ ವರಮಾನ ಎಷ್ಟೆಂದು ಕೇಳುವಂತಿಲ್ಲ. ಚಿಕ್ಕ ಅಂಗಡಿಯವರಿಗೆ ಮಾತ್ರ ವರಮಾನದ ಮಿತಿ ಇದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇದೆ, ತಾಲ್ಲೂಕಿನಲ್ಲಿ ಸಮಿತಿ ಇದೆ. 15100ಕ್ಕೆ ಫೋನು ಮಾಡಿಯೂ ಕೇಳಬಹುದು. ಅವರು ನೇಮಿಸಿದ ವಕೀಲರು ನಿಮ್ಮಿಂದ ಫೀಸು ಪಡೆಯಕೂಡದು. ಇದು ಧರ್ಮವಲ್ಲ, ಹಕ್ಕು.

ಫೀಸು ಕೊಟ್ಟು ವಕೀಲರನ್ನು ಹಿಡಿಯುವವರು ಮೊದಲ ದಿನವೇ ಬಾಯಿಬಿಟ್ಟು ಕೇಳಬೇಕು. ಒಟ್ಟು ಎಷ್ಟು, ಈಗ ಎಷ್ಟು, ಕೋರ್ಟ್ ಫೀ ಹಾಗೂ ಟೈಪಿನ ಖರ್ಚು ಅದರಲ್ಲಿ ಸೇರಿದೆಯೊ ಬೇರೆಯೊ? ಕೊಟ್ಟ ಹಣಕ್ಕೆ ರಸೀದಿ ಕೇಳುವುದರಲ್ಲಿ ನಾಚಿಕೆಯಿಲ್ಲ. ಗೆದ್ದರೆ ಜೀವನಾಂಶದಲ್ಲಿ ಇಷ್ಟು ಪಾಲು ನನಗೆ ಎಂದು ವಕೀಲರು ಒಪ್ಪಂದ ಮಾಡುವಂತಿಲ್ಲ. ಅವರ ವೃತ್ತಿಯ ನಿಯಮವೇ ಅದನ್ನು ತಡೆಯುತ್ತದೆ. ವಕಾಲತ್ತಿಗೆ ಸಹಿ ಹಾಕುವ ಮುನ್ನ ಓದಿಸಿ ಕೇಳಿರಿ. ಖಾಲಿ ಕಾಗದಕ್ಕೆ ಸಹಿ ಹಾಕಲೇಬೇಡಿರಿ.

ಬರಿಗೈಯಲ್ಲಿ ಹೋಗಬೇಡಿರಿ. ಲಗ್ನಪತ್ರಿಕೆ, ಮದುವೆಯ ಚಿತ್ರ, ನೋಂದಣಿ ಆಗಿದ್ದರೆ ಅದರ ಪತ್ರ, ಮಕ್ಕಳ ಜನನ ಪತ್ರ, ರೇಷನ್ ಕಾರ್ಡು, ಸಂಬಳದ ಚೀಟಿ, ಬ್ಯಾಂಕಿನ ಪಾಸುಬುಕ್ಕು ಇವುಗಳ ನಕಲು ಕೊಡಿರಿ, ಮೂಲ ನಿಮ್ಮ ಬಳಿ ಇರಲಿ. ಎಂದು ಮದುವೆ, ಎಂದು ಬೇರೆಯಾದದ್ದು, ನಡುವೆ ಏನು ನಡೆಯಿತು ಎಂಬುದನ್ನು ತಾರೀಖಿನೊಡನೆ ಎರಡು ಪುಟದಲ್ಲಿ ಬರೆದು ಒಯ್ಯಿರಿ. ಓದುಬರಹ ಬಾರದವರಿಗೆ ಸಂಘದ ಹುಡುಗರು ಬರೆದುಕೊಡುತ್ತಾರೆ.

ವಕೀಲರ ಮುಂದೆ ಸತ್ಯ ಹೇಳಿರಿ. ಕುಡಿತವಿದ್ದರೆ ಕುಡಿತ, ಸಾಲವಿದ್ದರೆ ಸಾಲ, ಕೈ ಎತ್ತಿದ್ದರೆ ಅದೂ. ನೀವು ಹೇಳಿದ್ದನ್ನು ಅವರು ಬೇರೆಯವರಿಗೆ ಹೇಳಕೂಡದೆಂಬುದು 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು, 2023ರ ಹೊಸ ಕಾಯಿದೆಯಲ್ಲಿಯೂ ಇದೆ. ನೀವು ಮುಚ್ಚಿಟ್ಟದ್ದನ್ನು ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಬಿಚ್ಚಿದರೆ ನಿಮ್ಮ ವಕೀಲರು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಹಾಗೆಯೇ, ಅರ್ಜಿ ಬಲವಾಗಲೆಂದು ಹೆಂಡತಿಯ ಶೀಲದ ಮೇಲೊ ಗಂಡನ ಮುದಿ ತಾಯಿಯ ಮೇಲೊ ಸುಳ್ಳು ಹೊರಿಸೋಣವೆಂದು ಯಾರಾದರೂ ಸಲಹೆ ಕೊಟ್ಟರೆ ಬೇಡವೆನ್ನಿರಿ. ರುಜುವಾತಾಗದ ಸುಳ್ಳು ತಿರುಗಿ ನಿಮ್ಮನ್ನೇ ಹೊಡೆಯುತ್ತದೆ. ಮಕ್ಕಳು ದೊಡ್ಡವರಾಗಿ ಆ ಕಾಗದ ಓದುತ್ತಾರೆ.

ದಾರಿ ಎರಡು. ಇಬ್ಬರೂ ಒಪ್ಪಿದರೆ 1976ರಲ್ಲಿ ಸೇರಿಸಿದ 13-ಬಿ ಕಲಮಿದೆ. ಒಂದು ವರುಷ ಬೇರೆ ಇದ್ದಿರಬೇಕು. ಅರ್ಜಿಯಾದ ಮೇಲೆ ಆರು ತಿಂಗಳು ಕಾಯಬೇಕು. ಹೊಂದಾಣಿಕೆಯ ಆಸೆ ಉಳಿದಿಲ್ಲದ, ಎಲ್ಲವೂ ಇತ್ಯರ್ಥವಾದ ಪ್ರಕರಣದಲ್ಲಿ ಈ ಕಾಯುವಿಕೆಯನ್ನು ಕೋರ್ಟು ಮನ್ನಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಿಕ್ರಿ ಆಗುವವರೆಗೂ ಒಪ್ಪಿಗೆಯನ್ನು ಹಿಂದೆ ಪಡೆಯಬಹುದು. ಒಬ್ಬರೇ ವಕೀಲರು ಎರಡೂ ಕಡೆಯ ಕಾಗದ ಬರೆದಿದ್ದರೆ, ಸಹಿಗೆ ಮುನ್ನ ಇನ್ನೊಬ್ಬರಿಗೆ ತೋರಿಸಿರಿ. ಮಗು ಯಾರ ಬಳಿ, ಹಣ ಎಷ್ಟು, ತವರಿನ ಬಂಗಾರ ಎಂದು ಹಿಂದಿರುಗುತ್ತದೆ, ಇದೆಲ್ಲ ಅಂಕೆ ತಾರೀಖಿನೊಡನೆ ಬರೆದಿರಬೇಕು.

ಒಪ್ಪದಿದ್ದರೆ ಕಾರಣ ಬೇಕು. ಕ್ರೌರ್ಯ, ಎರಡು ವರುಷ ಬಿಟ್ಟುಹೋದದ್ದು, ಪರಸಂಗ ಮೊದಲಾದವು. ಇದು ವರುಷಗಟ್ಟಲೆ ಎಳೆಯುವ ದಾರಿ. ಅಷ್ಟು ಕಾಲ ಒಲೆ ಉರಿಯಬೇಕಲ್ಲವೆ? 24ನೆಯ ಕಲಮಿನ ಮಧ್ಯಂತರ ಜೀವನಾಂಶವನ್ನು ಮರೆಯದೆ ಕೇಳಲು ವಕೀಲರಿಗೆ ಹೇಳಿರಿ. ಹೊಡೆತ ಬಡಿತವಿದ್ದರೆ ವಿಚ್ಛೇದನದವರೆಗೆ ಕಾಯಬೇಕಾಗಿಲ್ಲ. 2005ರ ಕೌಟುಂಬಿಕ ಹಿಂಸೆಯ ಕಾಯಿದೆ ರಕ್ಷಣೆ ಕೊಡುತ್ತದೆ, ಮನೆಯಿಂದ ಹೊರಗೆ ಹಾಕದಂತೆ ತಡೆಯುತ್ತದೆ.

ಇಲ್ಲಿ ಅಂಗಡಿಯ ಬಂಧುಗಳಿಗೆ ಒಂದು ಮಾತು. ಗಿರಣಿಯವನ ಸಂಬಳ ಚೀಟಿಯಲ್ಲಿ ಕಾಣುತ್ತದೆ, ಗಲ್ಲಾಪೆಟ್ಟಿಗೆ ಕಾಣುವುದಿಲ್ಲವೆಂದು ಕೆಲವರ ಧೈರ್ಯ. 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ, ಸಾಲ, ವರಮಾನಗಳ ಪ್ರಮಾಣಪತ್ರ ಕೊಡಬೇಕು. ಪ್ರಮಾಣ ಮಾಡಿ ಸುಳ್ಳು ಬರೆದವನು ಹೊಸ ಖಟ್ಲೆಯನ್ನು ಕೈಯಾರೆ ತಂದುಕೊಳ್ಳುತ್ತಾನೆ.

1984ರ ಕಾಯಿದೆಯಂತೆ ಕುಟುಂಬ ನ್ಯಾಯಾಲಯವಿರುವ ಊರಲ್ಲಿ ವಕೀಲರ ಮೂಲಕವೇ ನಡೆಯಬೇಕೆಂಬ ಹಕ್ಕು ಪಕ್ಷಗಾರರಿಗಿಲ್ಲ. ಕೋರ್ಟು ಅನುಮತಿ ಕೊಡಬೇಕು. ರಾಜಿಯ ಮಾತುಕತೆಯಲ್ಲಿ ನೀವೇ ಕುಳಿತು ಉತ್ತರ ಕೊಡಬೇಕಾಗಬಹುದು. ಏನು ಬೇಕು, ಏನು ಬೇಡ ಎಂಬುದನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ಹೋಗಿರಿ.

ಮುಸಲ್ಮಾನ ಸೋದರಿಯರಿಗೆ 1939ರ ಕಾಯಿದೆಯುಂಟು. ಒಂದೇ ಉಸಿರಿನ ಮೂರು ತಲಾಖು 2019ರಿಂದ ಅಪರಾಧ. ಕ್ರೈಸ್ತರಿಗೆ 1869ರ ಕಾಯಿದೆ, ರಿಜಿಸ್ಟರ್ ಮದುವೆಯವರಿಗೆ 1954ರ ವಿಶೇಷ ವಿವಾಹ ಕಾಯಿದೆ. ಕಾನೂನು ಬೇರೆಯಾದರೂ ವಕೀಲರೊಡನೆ ನಡೆದುಕೊಳ್ಳುವ ರೀತಿ ಒಂದೇ.

ವಕೀಲರು ಕಕ್ಷಿದಾರರ ಧಣಿಗಳಲ್ಲ. ನಾವು ಅವರ ಧಣಿಗಳೂ ಅಲ್ಲ. ಪ್ರತಿ ತಾರೀಖನ್ನು ಪುಸ್ತಕದಲ್ಲಿ ಬರೆದಿಡಿರಿ, ಅಂದು ಏನಾಯಿತೆಂದು ಕೇಳಿರಿ. ನಂಬಿಕೆ ಹೋದರೆ ಬದಲಿಸಬಹುದು. ಫೀಸು ಬಾಕಿಯೆಂದು ವಕೀಲರು ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು 2000ದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಹಾಗೆಂದು ದುಡಿದವರ ಫೀಸನ್ನು ಮುಳುಗಿಸುವುದೂ ನ್ಯಾಯವಲ್ಲ. ಕೂಲಿಯ ಬೆಲೆ ನಮಗಿಂತ ಚೆನ್ನಾಗಿ ಬಲ್ಲವರಾರು?

ಡಿಕ್ರಿ ಆದ ಮೇಲೆ ಅದರ ದೃಢೀಕೃತ ನಕಲು ಪಡೆದು ಭದ್ರವಾಗಿಡಿರಿ. ಅಪೀಲಿನ ಅವಧಿ ಮುಗಿಯಿತೆಂದು ವಕೀಲರು ಹೇಳುವವರೆಗೆ ಮರುಮದುವೆಯ ಮಾತೆತ್ತಬೇಡಿರಿ. ಫಂಡಿನ ನಾಮಿನಿಯ ಹೆಸರನ್ನು ಕೂಡಲೆ ತಿದ್ದಿಸಿರಿ.

ಬಂಧುಗಳೆ, ಬಾಳು ಕೂಡಿಸಲು ಯತ್ನಿಸುವುದು ಹಿರಿಯರ ಕೆಲಸ, ಅದನ್ನು ನಾವು ಮುಂದೆಯೂ ಮಾಡುತ್ತೇವೆ. ಆದರೆ ಮುರಿಯುವುದೇ ಗತಿಯಾದರೆ ಛಾಪಾ ಕಾಗದಕ್ಕೆ ಸಾಕ್ಷಿಯ ಸಹಿ ಹಾಕುವುದಿಲ್ಲ. ಜೊತೆಯಲ್ಲಿ ನಡೆದು ಪ್ರಾಧಿಕಾರದ ಕಚೇರಿಯ ಬಾಗಿಲವರೆಗೆ ಕರೆದೊಯ್ಯುತ್ತೇವೆ. ಆ ಹೆಣ್ಣುಮಗಳಿಗೆ ನಾವು ತೀರಿಸಬೇಕಾದ ಸಾಲ ಇಷ್ಟರಿಂದ ತೀರುವುದಿಲ್ಲ. ಇನ್ನೊಬ್ಬಳಿಗೆ ಹಾಗಾಗದಿದ್ದರೆ ಅಷ್ಟರಮಟ್ಟಿಗೆ ಸಾಲ ಇಳಿಯಿತೆಂದುಕೊಳ್ಳುತ್ತೇವೆ.