ಉಪ್ಪುನೀರಿನಲ್ಲಿ ಕಾಂಡ್ಲಾ ಬದುಕುವ ಬಗೆ



ಶಿರಸಿಯ ಬಳಿ ಹುಟ್ಟುವ ಅಘನಾಶಿನಿಯು ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುವ ಅಳಿವೆಯಲ್ಲಿ ಕಾಂಡ್ಲಾವನಗಳಿವೆ. ಕಡಲನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಂತಹ ನೀರಿನಲ್ಲಿ ಭತ್ತದ ಸಸಿ ಸಾಯುತ್ತದೆ, ಕಾಂಡ್ಲಾ ಬದುಕುತ್ತದೆ. ಹೇಗೆ?

ಕಾಂಡ್ಲಾದ ಬೇರುಗಳು ಲವಣದ ಬಹುಭಾಗವನ್ನು ಹೊರಗೇ ತಡೆಯುತ್ತವೆ. ಅದೇ ವನದ ಉಪ್ಪಟ್ಟಿ ಮರವು ಒಳಬಂದ ಲವಣವನ್ನು ಎಲೆಯ ಗ್ರಂಥಿಗಳಿಂದ ಹೊರಸೂಸುತ್ತದೆ. ಉಳಿದ ಸೋಡಿಯಂ ಕಿಣ್ವಗಳನ್ನು ಕೆಡಿಸದಂತೆ ಜೀವಕೋಶವು ಅದನ್ನು ರಸದಾನಿಯಲ್ಲಿ ಕೂಡಿಹಾಕುತ್ತದೆ. ಆ ಉಪ್ಪು ಕೋಶದ್ರವ್ಯದ ನೀರನ್ನು ಸೆಳೆಯಬಾರದಲ್ಲವೇ? ಅದಕ್ಕೆಂದೇ ಉಪ್ಪಟ್ಟಿಯು ಕಿಣ್ವಗಳಿಗೆ ಹಾನಿಮಾಡದ ಗ್ಲೈಸಿನ್ ಬೀಟೇನ್ ಎಂಬ ಸಾರಜನಕಯುಕ್ತ ವಸ್ತುವನ್ನು ತಯಾರಿಸಿ ಕೋಶದ್ರವ್ಯದಲ್ಲಿ ಸಂಗ್ರಹಿಸುತ್ತದೆ.

ಇದಕ್ಕೆಲ್ಲ ಶಕ್ತಿಯೂ ಸಾರಜನಕವೂ ವ್ಯಯವಾಗುತ್ತವೆ. ಉಪ್ಪು ಮಿತಿಮೀರಿದರೆ ವ್ಯಯ ಹೆಚ್ಚಿ ಬೆಳವಣಿಗೆ ಕುಂಠಿತವಾಗುತ್ತದೆ. ಅಳಿವೆಯ ಉಪ್ಪನ್ನು ತಗ್ಗಿಸುವುದು ಘಟ್ಟದಿಂದ ಇಳಿಯುವ ಸಿಹಿನೀರು.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆತಿದೆ. ಆದರೆ ಮೇಲಿನ ಹಳ್ಳಗಳು ಬತ್ತಿದರೆ ಮನ್ನಣೆಯ ಪತ್ರವು ಉಪ್ಪನ್ನು ತಗ್ಗಿಸಲಾರದು. ಘಟ್ಟದ ಒರತೆಯನ್ನು ಕಾಯುವವರು ಕಡಲಂಚಿನ ಕಾಂಡ್ಲಾವನ್ನೂ ಕಾಯುತ್ತಾರೆ.